ಅಣ್ಣನ ವೇಷದಲ್ಲಿ ಬರುವ ಗೂಢಚಾರರಿಗೆ

ಎದುರು ತಂಡದಲ್ಲಿ ಗೂಢಚಾರರ ಹುದ್ದೆಯನ್ನು ಅಲಂಕರಿಸಿರುವ, ಪರದೆಯ ಮೇಲೆ 'ಬೆಕ್ಕಿನ ಹೆಜ್ಜೆ' ಎಂಬ ಹೆಸರಿನಿಂದ ಶೋಭಿಸುವ ಮಾನ್ಯರೇ,

ಭಾನುವಾರ ಮಧ್ಯಾಹ್ನಗಳಲ್ಲಿ ನನ್ನ ಬೆನ್ನಿಗೆ ಚೂರಿ ಹಾಕುವ ಶ್ರಮವನ್ನು ತಪ್ಪದೆ ವಹಿಸುತ್ತಿರುವ ತಮಗೆ ಸದರಿ ಬೆನ್ನಿನ ಮಾಲೀಕನ ಗೌರವಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕ್ಷೇಮಕ್ಕೆ ಧಕ್ಕೆ ತರಲು ನಾನು ಹಾರಿಸಿದ ಗುಂಡುಗಳೆಲ್ಲ ಗೋಡೆಗೇ ಬಿದ್ದಿರುವುದರಿಂದ ಹಾಗೆ ನಂಬಲು ಕಾರಣವೂ ಇದೆ. ತಮ್ಮ ವಿಳಾಸ ತಿಳಿಯದ ಕಾರಣ ಈ ದೂರನ್ನು ಆಟಗಾರರೆಲ್ಲ ಓದುವ ಜಾಲತಾಣದಲ್ಲಿ ಬಹಿರಂಗವಾಗಿಯೇ ಹಾಕುತ್ತಿದ್ದೇನೆ. ತಮಗೆ ಮುಜುಗರವಾದರೆ ಕ್ಷಮಿಸಿ, ಆದರೂ ಆಗಲಿ ಎಂಬ ಆಸೆ ನನಗಿದೆ.

ನಾನು ವೃತ್ತಿಯಿಂದ ಬೀಗ ರಿಪೇರಿಯವನು. ನಾವಾಡುವ ಈ ಕಂಪ್ಯೂಟರ್ ಆಟದಲ್ಲಿ ಇಂಜಿನಿಯರ್. ಕಳೆದುಕೊಂಡರೆ ಸೋಲೇ ಆಗುವ ನಮ್ಮ ಬಾವುಟವಿರುವ ಕೋಣೆಯ ಮೆಟ್ಟಿಲಡಿ, ಶತ್ರು ಕಂಡರೆ ತಾನಾಗಿ ಗುಂಡು ಹಾರಿಸುವ ಗನ್ ಒಂದನ್ನು ನಿಲ್ಲಿಸಿ, ಅದಕ್ಕೆ ಪೆಟ್ಟು ಬಿದ್ದಾಗಲೆಲ್ಲ ಸ್ಪ್ಯಾನರ್‌ನಿಂದ ಬಡಿದು ಸರಿಮಾಡುತ್ತ ಕೂರುವುದು ನನ್ನ ಕೆಲಸ. ಈ ಹುದ್ದೆಗೆ ಬೇಕಾದ ನೈಪುಣ್ಯ ಹೆಚ್ಚೇನಿಲ್ಲ. ಮಿಕ್ಕವರೆಲ್ಲ ಹೊರಗೆ ಓಡಾಡಿ ಹೆಸರು ಮಾಡುತ್ತಿರುವಾಗ ಒಬ್ಬನೇ ಒಳಗೆ ಕೂತು ಬೇಜಾರು ಮಾಡಿಕೊಳ್ಳದಿದ್ದರೆ ಸಾಕು. ಊರಿನವರ ಬಾಗಿಲನ್ನೆಲ್ಲ ಭದ್ರ ಮಾಡಿಕೊಡುವವನ ಸ್ವಂತ ಕೋಣೆಗೆ ತಾವು ಮನೆಯ ಅಳಿಯನ ಹಾಗೆ ಬಂದು ಹೋಗುತ್ತಿರುವುದು ನನ್ನ ವೃತ್ತಿಗೌರವಕ್ಕೆ ಎಂಥ ಪೆಟ್ಟೆಂದು ತಾವೇ ಊಹಿಸಿಕೊಳ್ಳಬಹುದು.

ನಮ್ಮ ತಂಡ ಬೇರೆ ಯಾರೂ ಅಲ್ಲ, ನಮ್ಮ ಮನೆಯವರೇ. ನಾಯಕರು ನಮ್ಮ ಭಾವ, ಅಂದರೆ ಅಕ್ಕನ ಗಂಡ. ಅವರು ವಿಮಾ ಏಜೆಂಟರು, ಆಟದಲ್ಲಿ ಓಟಗಾರರು. ಕರೆಯದ ಮನೆಗೆ ನುಗ್ಗುವುದು, ಬೈಗುಳ ಮುಗಿಯುವುದರೊಳಗೆ ಹೊರಬರುವುದು, ಮತ್ತೆ ಅದೇ ಮನೆಗೆ ನಗುನಗುತ್ತ ಹೋಗುವುದು, ಇವೆಲ್ಲ ಅವರಿಗೆ ಕಲಿಸಬೇಕಾಗಿಯೇ ಇರಲಿಲ್ಲ. ಅಕ್ಕ ರೈಲ್ವೆ ಟಿಕೆಟ್ ಕೌಂಟರಿನಲ್ಲಿದ್ದಾಳೆ, ಆಟದಲ್ಲಿ ಡಾಕ್ಟರು. ಯಾರಿಗೆ ಪ್ರಾಣ ಹೋಗುವಂತಿದೆಯೋ ಅವರ ಕಡೆಗೆ ಮೊದಲು ಓಡುವುದೇ ಡಾಕ್ಟರ ಚಾತುರ್ಯವೆಂದು ಬಲ್ಲವರು ಹೇಳುತ್ತಾರೆ, ಆದರೆ ಅಕ್ಕ ಬಂದ ಸರದಿಯಂತೆಯೇ ಮದ್ದು ಕೊಡುತ್ತಾಳೆ. ನಡುವೆ ನುಗ್ಗಿ ಸಾಯಲು ಬಂದವರನ್ನು ಸಾಲಿನ ಹಿಂದಕ್ಕೆ ಕಳಿಸುತ್ತಾಳೆ. ದೊಡ್ಡ ಬಂದೂಕು ಹೊತ್ತು ಮೈದಾನದ ನಡುವೆ ನಿಲ್ಲುವ ಪೈಲ್ವಾನರ ಹುದ್ದೆ ಅತ್ತಿಗೆಯವರದು. ಆ ಹುದ್ದೆಗೆ ಗುರಿ ಮುಖ್ಯವಲ್ಲ, ಎಷ್ಟೇ ಗದ್ದಲವಾದರೂ ನಿಂತಲ್ಲಿಂದ ಕದಲದಿರುವುದು ಮುಖ್ಯ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಅವರು ಅಲ್ಲಿ ಸುಮ್ಮನೆ ನಿಂತು ನೋಡಿದರೂ ಶತ್ರುಗಳಾದ ತಮ್ಮ ಕಡೆಯವರು ಸಾಲಾಗಿ ನಿಲ್ಲುವುದನ್ನು ನಾನೇ ಕಂಡಿದ್ದೇನೆ.

ಇನ್ನು ನಮ್ಮಣ್ಣ. ಅವನು ಸರ್ವೆ ಇಲಾಖೆಯಲ್ಲಿ ಒಂದು ಕಣ್ಣು ಮುಚ್ಚಿ ದುರ್ಬೀನಿನಲ್ಲಿ ಜಮೀನು ನೋಡುತ್ತ ತಲೆ ನರೆಸಿಕೊಂಡವನು. ಹಾಗಾಗಿ ತಾರಸಿಯ ಮೇಲೆ ಮಲಗಿ ದೂರದವರನ್ನು ಹೊಡೆಯುವ ಸ್ನೈಪರ್ ಆಗಿದ್ದಾನೆ. ಉಸಿರು ಬಿಗಿಹಿಡಿಯುವುದು, ಕಾಯುವುದು, ಯಾರೊಡನೆಯೂ ಮಾತಾಡದಿರುವುದು, ಈ ಮೂರರಲ್ಲಿ ಅವನನ್ನು ಮೀರಿಸುವವರಿಲ್ಲ. ಫೋನು ಮಾಡಿದರೆ "ಹೂಂ" ಅನ್ನುತ್ತಾನೆ, ಹಬ್ಬಕ್ಕೆ ಕರೆದರೆ "ನೋಡೋಣ" ಅನ್ನುತ್ತಾನೆ. ಆಟದಲ್ಲೂ ತಾರಸಿ ಬಿಟ್ಟು ಕೆಳಗಿಳಿದವನಲ್ಲ. ನಮ್ಮ ನಡುವೆ ಜಗಳವೇನೂ ಇಲ್ಲ, ಜಗಳವಾಗಲು ಬೇಕಾದಷ್ಟು ಮಾತೇ ಇಲ್ಲ. ಒಂದೊಂದು ಸಂಸಾರ ಒಂದೊಂದು ಊರಿನಲ್ಲಿರುವ ನಮಗೆ ಭಾನುವಾರದ ಈ ಆಟವೊಂದು ಬಿಟ್ಟರೆ ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಬೀಳುವ ಬೇರೆ ದಾರಿಯಿಲ್ಲ.

ಹೀಗಿರುವಾಗ ತಾವು ಆಗಮಿಸಿದಿರಿ. ತಮ್ಮ ಹುದ್ದೆಗೆ ಬೇಕಾದ ವಿದ್ಯೆಯ ಮುಂದೆ ಮಿಕ್ಕ ಹುದ್ದೆಗಳವು ಮಕ್ಕಳಾಟವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮವರ ಮುಖ, ಅಂಗಿ, ಹೆಸರು ಹಾಕಿಕೊಂಡು ಬರುವುದು ಒಂದು ಗುಂಡಿ ಒತ್ತುವ ಕೆಲಸ, ಅದನ್ನು ಯಾರು ಬೇಕಾದರೂ ಮಾಡಿಯಾರು. ಆದರೆ ಭಾವನ ವೇಷದಲ್ಲಿದ್ದಾಗ ಅವಸರ, ಅಕ್ಕನ ವೇಷದಲ್ಲಿದ್ದಾಗ ನಿಧಾನ, ಇದನ್ನೆಲ್ಲ ಎದುರು ಗೋಡೆಯ ಹಿಂದೆ ನಿಂತು ಕಲಿತ ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಹಾಗೆ ಬಂದು, ವೇಷಕ್ಕೆ ಮೋಸಹೋಗಿ ಸುಮ್ಮನಿರುವ ನನ್ನ ಗನ್ನಿಗೆ ಅದನ್ನು ಕೆಡಿಸುವ ಪುಟ್ಟ ಪೆಟ್ಟಿಗೆ ಅಂಟಿಸಿ, ನಾನು ಸ್ಪ್ಯಾನರ್ ಎತ್ತಿಕೊಳ್ಳುವಷ್ಟರಲ್ಲಿ ಚೂರಿ ಹಾಕಿ, ಬಾವುಟ ಹೊತ್ತು ಹೋಗುತ್ತಿದ್ದಿರಿ. ಭಾವನವರ ಸಹನೆ ಮುಗಿಯಿತು. ಇನ್ನೊಮ್ಮೆ ಗನ್ ಬಿದ್ದರೆ ನನ್ನ ಜಾಗಕ್ಕೆ ಅವರ ಆಫೀಸಿನ ಚುರುಕು ಹುಡುಗಿಯೊಬ್ಬಳನ್ನು ತರುವುದಾಗಿ ಎಲ್ಲರೆದುರೇ ಸಾರಿದರು. ತಂಡಕ್ಕೆ ಐದೇ ಜನ, ಮಾನ್ಯರೇ. ಮೆಟ್ಟಿಲಡಿಯ ಜಾಗ ಹೋದರೆ ನನಗೆ ಮನೆಯವರೆಲ್ಲರ ದನಿಯೂ ಹೋದಂತೆ.

ಅದಾದ ಮೇಲಿನ ಭಾನುವಾರ ತಾವು ನಮ್ಮಣ್ಣನ ವೇಷದಲ್ಲಿ ಬಂದಿರಿ. ಮೆಲ್ಲಗೆ ನಡೆದು ಬಂದು, ನನಗೆ ತಲೆಬಾಗಿ, ಗನ್ನಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಿರಿ. ಅಷ್ಟು ಸಾಕಾಗಿತ್ತು, ನನಗೆ ತಲೆಬಾಗುವ ಜಾಯಮಾನ ಅವನದಲ್ಲ, ಇದು ಅಣ್ಣನಲ್ಲವೆಂದು ಆಗಲೇ ಗೊತ್ತಾಯಿತು. ಇಂಥ ಅನುಮಾನ ಬಂದಾಗ ಮಾಡಬೇಕಾದ್ದು ಎಳೆಯರಿಗೂ ಗೊತ್ತು: ಒಂದು ಗುಂಡು ಹಾರಿಸಿ ನೋಡಬೇಕು. ಈ ಆಟದಲ್ಲಿ ನಮ್ಮ ಗುಂಡು ನಮ್ಮವರಿಗೆ ತಾಗುವುದಿಲ್ಲ, ಗಾಳಿಯಂತೆ ಹಾದುಹೋಗುತ್ತದೆ. ಆಟದ ಹೊರಗೆ ಈ ಸೌಲಭ್ಯವಿಲ್ಲ. ಆಟದಲ್ಲಿ ತಾಗಿದರೆ ಗೂಢಚಾರ. ಆದರೆ ನಾನು ಹಾರಿಸಲಿಲ್ಲ. ಅಣ್ಣನ ಮುಖ ಹೊತ್ತವರೊಬ್ಬರು ನನ್ನ ಪಕ್ಕ ಕೂತು ಎಷ್ಟು ಕಾಲವಾಗಿತ್ತೋ ನೆನಪಿರಲಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಾವೂ ಯಾಕೋ ಕೂತಿರಿ. ಆಮೇಲೆ ತಮ್ಮ ಕರ್ತವ್ಯ ಮಾಡಿದಿರಿ. "ಕಣ್ಣು ಕಾಣ್ಸಲ್ವೇನಯ್ಯಾ ನಿಂಗೆ?" ಎಂದು ಭಾವ ಕಿರುಚಿದರು, ನಾನು ಕಂಡೂ ಸುಮ್ಮನೆ ಬಿಟ್ಟೆನೆಂದು ಹೇಗೆ ಹೇಳಲಿ? ಅಕ್ಕ ಕಾಡಿಬೇಡಿ ನನಗೆ ಇನ್ನೊಂದು ಭಾನುವಾರ ಕೊಡಿಸಿದಳು.

ಆ ಇನ್ನೊಂದು ಭಾನುವಾರವೇ ಮೊನ್ನೆಯದು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಮತ್ತೆ ಅಣ್ಣನ ಆಕೃತಿ ಮೆಟ್ಟಿಲಿಳಿದು ಬಂತು. ಈ ಸಲ ಮೋಸಹೋಗಬಾರದೆಂದು ನಾನು ಕಣ್ಣುಮುಚ್ಚಿ ಇದ್ದಬದ್ದ ಗುಂಡನ್ನೆಲ್ಲ ಹಾರಿಸಿದೆ. ಒಂದೂ ತಾಗಲಿಲ್ಲ. ಎಲ್ಲವೂ ಹಾದುಹೋಗಿ ಹಿಂದಿನ ಗೋಡೆಗೆ ಬಿದ್ದವು. ಕಿವಿಯಲ್ಲಿ ಅಣ್ಣನ ದನಿ ಕೇಳಿಸಿತು: "ಸಾಕು ನಿಲ್ಸೋ, ನಾನೇ ಕಣೋ."

ನಾನು ಬಂದೂಕು ಕೆಳಗಿಳಿಸಿದೆ. ಅವನೇ ಮುಂದುವರಿಸಿದ. ಹಿಂದಿನ ವಾರ ತಾರಸಿಯಿಂದ, ಕಿಟಕಿಯ ಮೂಲಕ, ದುರ್ಬೀನಿನಲ್ಲಿ ಅವನು ಎಲ್ಲವನ್ನೂ ನೋಡಿದ್ದನಂತೆ. "ನಾನೇ ಬಂದು ನಿನ್ ಪಕ್ಕ ಕೂತ ಹಾಗಿತ್ತು. ಗುರಿ ಸರಿಯಾಗೇ ಇತ್ತು. ಹೊಡೀಬೇಕು ಅನ್ನಿಸ್ಲಿಲ್ಲ ಕಣೋ. ಹೀಗೊಂದ್ಸಲ ನಾನೇ ಬರಬಹುದಿತ್ತಲ್ಲ ಅನ್ನಿಸ್ತು." ನನ್ನ ಜೀವನದಲ್ಲಿ ಅಣ್ಣ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಣ್ಣು ತುಂಬಿ ಪರದೆ ಮಂಜಾಯಿತು. ಅಷ್ಟರಲ್ಲಿ ಅಕ್ಕ ಬಂದಳೆಂದು ಇಬ್ಬರೂ ಸರಿದು ಜಾಗ ಕೊಟ್ಟೆವು. ಅದು ತಾವು. ಸರದಿಯ ಪ್ರಕಾರವೇ ಮೊದಲು ಅಣ್ಣನಿಗೆ, ಆಮೇಲೆ ನನಗೆ ಚೂರಿ ಹಾಕಿದಿರಿ, ಗನ್ ಬಿತ್ತು, ನಾವು ಸೋತೆವು.

ಭಾವ ಬಾಯಿ ತೆರೆಯುವ ಮೊದಲೇ ಅಣ್ಣ, "ತೆಗೆಯೋದಾದ್ರೆ ನನ್ನನ್ನೂ ತೆಗೀರಿ ಭಾವ, ಕಾವಲಿಗೆ ನಾನೂ ಇದ್ದೆ" ಎಂದ. ಇಬ್ಬರನ್ನು ತೆಗೆದರೆ ಗಂಡನ ಹಿಂದೆಯೇ ಅತ್ತಿಗೆಯವರೂ ತಂಡ ಬಿಟ್ಟು ಏಳುತ್ತಾರೆಂದು ಭಾವನಿಗೆ ಲೆಕ್ಕ ಸಿಕ್ಕಿತು. ನನ್ನ ಜಾಗ ಉಳಿಯಿತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಬಂದೊಡನೆ ಚೂರಿ ಹಾಕದೆ ನಮ್ಮ ಮಾತು ಮುಗಿಯುವವರೆಗೆ ಬಾಗಿಲಲ್ಲಿ ನಿಂತಿರಬೇಕು. ಭಾವನ ವೇಷದಲ್ಲಿ ಬಂದಾಗ ಒಮ್ಮೆಯಾದರೂ "ಚೆನ್ನಾಗಿ ಆಡಿದೆ" ಎನ್ನಬೇಕು, ನಿಜವಾದ ಭಾವ ತಮ್ಮನ್ನು ನೋಡಿ ಕಲಿಯಲಿ. ಸಾಧ್ಯವಾದರೆ ಒಂದು ಭಾನುವಾರ ನನ್ನ ವೇಷದಲ್ಲೇ ಬಂದು ಗನ್ ಕಾಯಬೇಕು, ನಾನು ತಾರಸಿ ಹತ್ತಿ ಅಣ್ಣನ ಪಕ್ಕ ಮಲಗಿ ಬರುತ್ತೇನೆ.

ತಮ್ಮ ಚೂರಿಯ ಕಾಯಂ ಗಿರಾಕಿಯೂ, ಇಷ್ಟಾದರೂ ತಮ್ಮ ವಿಶ್ವಾಸಿಯೂ ಆದ,
ಮೆಟ್ಟಿಲಡಿಯ ಇಂಜಿನಿಯರ್

ವಿ.ಸೂ.: ಬರುವ ಭಾನುವಾರವೂ ಅಣ್ಣ ಕೆಳಗೇ ಇರುತ್ತಾನಂತೆ. ತಾವೂ ಅವನ ವೇಷದಲ್ಲೇ ಬಂದು, ನನ್ನೆದುರು ಇಬ್ಬರು ಅಣ್ಣಂದಿರು ನಿಲ್ಲುವ ಪ್ರಸಂಗ ಬಂದರೆ ನನಗೆ ಗೊಂದಲವಾಗುವುದೆಂಬ ಭ್ರಮೆ ಬೇಡ. ಇಬ್ಬರಲ್ಲಿ ಯಾರು ತಲೆಬಾಗುತ್ತಾರೋ ಅವರಿಗೇ ಗುಂಡು ಹೊಡೆಯುತ್ತೇನೆ.