ಸೋಡಾ ಅಂಗಡಿ ಇದ್ದಲ್ಲಿ ಎಡಕ್ಕೆ

ಊರು ಗೊತ್ತಿರುವುದು ಬೇರೆ, ಊರಿನ ದಾರಿ ಹೇಳಲು ಬರುವುದು ಬೇರೆ. ಇದು ನನಗೆ ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ. ಶಿರಸಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಕದಂಬರ ವಂಶಾವಳಿಯನ್ನು ನಿದ್ದೆಯಲ್ಲೂ ಹೇಳುತ್ತಿದ್ದೆ. ಮಕ್ಕಳೂ ನಿದ್ದೆಯಲ್ಲೇ ಕೇಳುತ್ತಿದ್ದರು. ಪೇಟೆಯ ಬಾಡಿಗೆ ಮನೆಯಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿ, ಮೂರು ವರ್ಷದ ಹಿಂದೆ ಇಸಳೂರಿನಲ್ಲಿ ಸ್ವಂತ ಮನೆ ಕಟ್ಟಿಕೊಂಡೆ. ಬೈಕಿನಲ್ಲಿ ಕಾಲು ಗಂಟೆಯ ದಾರಿ. ಊರು ಬಿಟ್ಟೆ ಅಂತ ನನಗಂತೂ ಒಂದು ದಿನವೂ ಅನ್ನಿಸಿಲ್ಲ.

ನನ್ನ ತೊಂದರೆಯ ಹೆಸರು ಭಾವ. ಹೆಂಡತಿಯ ಅಣ್ಣ, ಯಲ್ಲಾಪುರದವನು. ನಮ್ಮ ಮದುವೆಯಾದಂದಿನಿಂದ ಅವನದು ಒಂದೇ ಮಾತು: "ಶಿರಸಿಲಿ ಎಂತ ಇದ್ದು ಮಾರಾಯಾ? ಬಸ್ಸಿಳಿಯದು, ಚಾ ಕುಡಿಯದು, ಇನ್ನೊಂದು ಬಸ್ ಹತ್ತದು." ಉಪನಯನ, ಗೃಹಪ್ರವೇಶ, ತಿಥಿಯೂಟ ಯಾವುದೇ ಇರಲಿ, ಪಂಕ್ತಿಯಲ್ಲಿ ಕೂತ ಕೂಡಲೇ ಇದನ್ನು ಹೇಳಿ ನಾಲ್ಕು ಜನರನ್ನು ನಗಿಸದಿದ್ದರೆ ಅವನಿಗೆ ಊಟ ಸೇರದು. ಯಲ್ಲಾಪುರದಲ್ಲಿ ಎಂತ ಇದೆ ಅಂತ ನಾನೂ ಕೇಳಬಹುದಿತ್ತು. ಆದರೆ ಹೆಂಡತಿ ಎದುರಿಗೇ ಬಡಿಸುತ್ತಿರುತ್ತಾಳೆ.

ಈಚೆಗೆ ಅವನು ಮೈಸೂರಿಗೆ ಹೋಗಿ ಬಂದ. ಅಲ್ಲಿ ಕೈಯಲ್ಲೊಂದು ಹಾಳೆ ಹಿಡಿದು, ಹಳೇ ಕಟ್ಟಡಗಳನ್ನು ತಾನೊಬ್ಬನೇ ನಡೆದು ನೋಡಿದನಂತೆ. "ಗೈಡಿಲ್ಲೆ, ಗದ್ದಲ ಇಲ್ಲೆ. ಯಾರ ಹತ್ರವೂ ಒಂದು ಮಾತು ಕೇಳಿದ್ನಿಲ್ಲೆ. ನಿನ್ನ ಶಿರಸಿಗೆ ಅಂಥದ್ದೊಂದು ಹಾಳೆ ಬರಿ ನೋಡನ. ನೋಡ ಹಂಗಿದ್ರೆ ಇನ್ನು ಬಾಯಿ ಬಿಡ್ತ್ನಿಲ್ಲೆ" ಅಂದ. ಇಷ್ಟು ವರ್ಷದಲ್ಲಿ ಆ ಬಾಯಿ ಮುಚ್ಚಿಸುವ ಅವಕಾಶ ಸಿಕ್ಕಿದ್ದು ಇದೊಂದೇ. ಬಿಡುವುದುಂಟೇ?

ಅಂದೇ ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತೆ. ಪೇಟೆಗೆ ಹೋಗಿ ಒಂದು ಸುತ್ತು ಹಾಕಿ ಬರೆಯಬಹುದಿತ್ತು. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅಲ್ಲದೆ ಮೊಣಕಾಲು ನೋವು. ಏಳು ಜಾಗ ಆರಿಸಿದೆ: ಬಿಳಿ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬಿಡಿಸಿದ ಕಾವಿ ಚಿತ್ರದ ಒಂದು ಮನೆ, ಕೆತ್ತನೆಯ ಕಂಬದ ಇನ್ನೊಂದು ಮನೆ, ಹೀಗೆ ಸಾಗಿ ಏಳನೆಯದು ಗಲ್ಲಿಯೊಳಗಿನ ಕಲ್ಲುಕಟ್ಟಿನ ಬಾವಿ. ದಾರಿಯನ್ನೂ ಬರೆದೆ. "ಬಸ್‌ಸ್ಟ್ಯಾಂಡಿನಿಂದ ಹೊರಟು, ಮೊದಲು ಸೋಡಾ ಅಂಗಡಿ ಇದ್ದಲ್ಲಿ ಎಡಕ್ಕೆ ತಿರುಗಿ. ಬಿದ್ದುಹೋದ ಹುಣಸೆಮರದ ಎದುರು ಕಾವಿ ಚಿತ್ರ. ಅಲ್ಲಿಂದ ಹಳೇ ಡಾಕ್ಟರ ದವಾಖಾನೆ ಇತ್ತಲ್ಲ, ಅದನ್ನು ದಾಟಿ..."

ಹೆಂಡತಿ ಓದಿ ಕನ್ನಡಕ ತೆಗೆದಳು. "ಆ ಸೋಡಾ ಅಂಗಡಿ ಮುಚ್ಚಿ ಎಷ್ಟು ವರ್ಷ ಆತು?"

"ಅಂಗಡಿ ಮುಚ್ಚಿಕ್ಕು. ಮೂಲೆ ಎಲ್ಲಿಗೆ ಹೋಗ್ತು?" ಅಂದೆ. ಅವಳು ಹಾಳೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

ಭಾನುವಾರ ಒಂಬತ್ತರ ಬಸ್ಸಿಗೆ ಭಾವ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಅವನ ಕೈಗೆ ಹಾಳೆ ಕೊಟ್ಟು, ಒಂದು ಗಂಟೆಗೆ ಊಟಕ್ಕೆ ಬಾ ಅಂತ ಹೇಳಿ ಮನೆಗೆ ಮರಳಿದೆ. ಗಂಟೆ ಒಂದಾಯಿತು, ಎರಡಾಯಿತು. ಫೋನು ಎತ್ತಲಿಲ್ಲ. ತಂಬುಳಿ, ಅಪ್ಪೆಹುಳಿ ಎಲ್ಲ ಮುಚ್ಚಿಟ್ಟಲ್ಲೇ ಇತ್ತು. "ಎನ್ನ ಅಣ್ಣನ್ನ ಎಲ್ಲಿಗೆ ಕಳಿಸಿದ್ರಿ? ಇಲ್ಲದ ಅಂಗಡಿ, ಇಲ್ಲದ ಮರ ಹುಡುಕ್ತಾ ಅವ ಯಾವ ಊರು ಸೇರಿದ್ನೋ!" ಅಂದಳು ಹೆಂಡತಿ. ನನಗೆ ಅವನ ಚಿಂತೆಯಿರಲಿಲ್ಲ, ನಿಜ ಹೇಳುತ್ತೇನೆ. ಮುಂದಿನ ಹತ್ತು ವರ್ಷದ ಪಂಕ್ತಿಗಳಲ್ಲಿ ಅವನು ಈ ಹಾಳೆಯನ್ನು ಓದಿ ಹೇಳುವುದೇ ಕಣ್ಣ ಮುಂದೆ ಬರುತ್ತಿತ್ತು.

ಮೂರೂವರೆಗೆ ಯಾರದೋ ಸ್ಕೂಟರಿನಿಂದ ಇಳಿದ. ಬಾಯಿ ತುಂಬ ಎಲೆಯಡಿಕೆಯ ಕವಳ. ಅಂಗಳದ ಮೂಲೆಗೆ ಹೋಗಿ ಉಗಿದು ಬಂದು, ಕುರ್ಚಿಯಲ್ಲಿ ಕೂತು, "ಭಾವಾ, ನಿನ್ನ ಊರು ಅಡ್ಡಿಲ್ಲೆ" ಅಂದ.

ನಾನು ಕಿವಿಯನ್ನೇ ನಂಬಲಿಲ್ಲ. ಆದದ್ದು ಇಷ್ಟು. ಮೊದಲನೆಯ ತಿರುವೇ ಸಿಗದೆ, ತನ್ನ ವ್ರತ ಮುರಿದು ಒಬ್ಬ ದರ್ಜಿಯನ್ನು ಕೇಳಿದನಂತೆ. ದರ್ಜಿ ಮಷಿನ್ ಬಿಟ್ಟೆದ್ದು ಬಂದು, ಸೋಡಾ ಅಂಗಡಿ ಇದ್ದ ಜಾಗ ತೋರಿಸಿ, ಬಾಟಲಿಯ ಗೋಲಿ ಸಿಡಿದು ಮಾಲೀಕನ ಹಣೆಗೆ ಬಡಿದ ಕಥೆ ಹೇಳಿ, ಚಾ ಕುಡಿಸಿಯೇ ಬಿಟ್ಟನಂತೆ. ಹುಣಸೆಮರದ ಬಳಿ ಒಬ್ಬ ಅಜ್ಜಿ, ಅದು ಬಿದ್ದಾಗ ಯಾರ ಜೀಪಿನ ಮೇಲೆ ಬಿತ್ತು ಅನ್ನುವುದನ್ನು ಕೂರಿಸಿಕೊಂಡು ಹೇಳಿ, ಕವಳದ ತಟ್ಟೆ ಮುಂದಿಟ್ಟಳಂತೆ. ಡಾಕ್ಟರ ದವಾಖಾನೆ ಇದ್ದ ಜಾಗದ ಮೊಬೈಲ್ ಅಂಗಡಿಯವನು, ಚಿಕ್ಕವನಿದ್ದಾಗ ಅಲ್ಲೇ ಚುಚ್ಚಿಸಿಕೊಂಡ ಇಂಜೆಕ್ಷನ್ನಿನ ಗುರುತನ್ನೂ ತೋರಿಸಿದನಂತೆ.

"ಇಲ್ಲದ್ದು ಎಲ್ಲಿತ್ತು ಹೇಳಿ ಎಲ್ಲರಿಗೂ ಗೊತ್ತಿದ್ದು" ಅಂದ ಭಾವ. "ಕಾವಿ ಚಿತ್ರ ಎಲ್ಲಿದ್ದು ಕೇಳಿರೆ ಮಾತ್ರ ಒಬ್ಬರಿಗೂ ಗೊತ್ತಿಲ್ಲೆ. ಆ ಅಜ್ಜಿ ಬೆನ್ನ ಹಿಂದಿನ ಗೋಡೆ ಮೇಲೇ ಇತ್ತು."

ನಾನು ಉಬ್ಬಿಹೋದೆ. ಅಪ್ಪೆಹುಳಿಯನ್ನು ನಾನೇ ಬಡಿಸಿದೆ. ಗೆದ್ದವನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಇನ್ನೂ ಸ್ವಲ್ಪ ಹೊಗಳಿಸಿಕೊಳ್ಳುವ ಚಪಲ. "ಕಡೇ ಬಾವಿ ಹೆಂಗೆ ಸಿಕ್ಚು? ಅಲ್ಲಿಗೆ ದಾರಿ ಬರೆಯಲೇ ನೆನಪಾಜಿಲ್ಲೆ" ಅಂದೆ.

"ಅದು ಎಲ್ಲದಕ್ಕಿಂತ ಸಲೀಸು. ಮೂಲೆ ಕಿರಾಣಿ ಅಂಗಡಿಯವ, ಬನವಾಸಿ ಕಡೆಯಂವ, ಹೇಳಿದ: 'ಹಿಂಗ ಸೀದಾ ಹೋಗ್ರಿ. ಮೊದ್ಲ ಒಬ್ರು ಇತಿಹಾಸದ ಮಾಸ್ತರ್ರು ಇದ್ರಲ್ರಿ, ಆ ಮನಿ ಹತ್ರ ಬಲಕ್ಕ ಹೊಳ್ರಿ.' 'ಈಗ ಎಲ್ಲಿದ್ದಾರೆ ಅವರು?' ಹೇಳಿ ಕೇಳಿದೆ."

"ಎಂತ ಹೇಳಿದ?"

ಭಾವ ಅನ್ನ ಕಲಸುತ್ತಲೇ ಅವನ ದನಿಯಲ್ಲೇ ಹೇಳಿದ: "'ಅದಾರೋ ಇಲ್ಲೋ ಗೊತ್ತಿಲ್ರಿ. ಪಾಪ, ಭಾಳ ಒಳ್ಳೆ ಮನುಷ್ಯಾ ಇದ್ರು.'"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬಂತು. ಮೂರೇ ವರ್ಷ, ಕಾಲು ಗಂಟೆಯ ದಾರಿ! ಆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಸಕ್ಕರೆ ಕಟ್ಟಿಸಿದ್ದೇನೆ. ಬೆಳಿಗ್ಗೆಯೇ ಹೋಗಿ ಅವನ ಎದುರು ನಿಂತು, ಒಂದು ಕಿಲೋ ಸಕ್ಕರೆ ಕೊಡು ಅನ್ನಬೇಕೆಂದು ಹಟ ಹುಟ್ಟಿತು. ಮರುಕ್ಷಣವೇ, ಅವನು ನನ್ನನ್ನು ನೋಡಿ "ಯಾವ ಊರಿಂದ ಬಂದ್ರಿ?" ಅಂದರೆ ಏನು ಮಾಡಲಿ ಅನ್ನಿಸಿ ಕೈಬಿಟ್ಟೆ.

ಭಾವ ಊಟ ಮುಗಿಸಿ ಅಲ್ಲೇ ಒರಗಿ ನಿದ್ದೆಹೋದ. ಅವನ ಅಂಗಿಯ ಕಿಸೆಯಿಂದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡೆ. ಏಳನೆಯ ಜಾಗದ ಮುಂದೆ ದಾರಿ ಖಾಲಿಯಿತ್ತು. ಪೆನ್ನು ತೆಗೆದು, ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುತ್ತಿದ್ದ ದುಂಡು ಅಕ್ಷರದಲ್ಲೇ ಬರೆದೆ: "ಮೊದಲು ಇತಿಹಾಸದ ಮಾಸ್ತರರು ಇದ್ದಲ್ಲಿ ಬಲಕ್ಕೆ ತಿರುಗಿ."