ಬೋಟ್ ಕಟ್ಟೆಯ ಹಸಿರು ವೈರು

ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ನಮ್ಮ ಆಫೀಸಿಗೆ ಮಾತ್ರ. ಹೈದರಾಬಾದಿನ ಒಂದು ಕೆರೆಯ ಕಟ್ಟೆಯಲ್ಲಿ ನಾನು ಎಲೆಕ್ಟ್ರಿಷಿಯನ್. ಕಡಪಾ, ಶ್ರೀಕಾಕುಳಂ ಕಡೆಯಿಂದ ರಾಜಧಾನಿ ನೋಡಲು ಬಂದವರೆಲ್ಲ ನಮ್ಮ ಬೋಟು ಹತ್ತುತ್ತಿದ್ದರು. ದಡದ ಸ್ವಿಚ್ಚಿನ ಡಬ್ಬಿಯಿಂದ ಕೇಬಲ್ ಎಳೆದು, ಕಟ್ಟೆಗೆ ಬಂದು ನಿಂತ ಆ ಬೋಟುಗಳಿಗೆ ಕರೆಂಟು ಕೊಡುವುದು ನನ್ನ ಕೆಲಸ. ಮುಂದೆ ಹೇಳುವಂಥದ್ದೊಂದು ನಡೆಯದ ವಾರವೇ ಇರಲಿಲ್ಲ.

೧. ಕೆಲಸ ಮಾಡದ ವೈರು

ನಮ್ಮ ಸಾಹೇಬರ ಮನೆಮಾತು ಕನ್ನಡ, ಸಿಟ್ಟು ಉರ್ದು. ಒಂದು ದಿನ ತಪಾಸಣೆಗೆ ಬಂದವರು ಕೇಬಲ್ ಎತ್ತಿ ನೋಡಿದರು.

"ಎರಡು ವೈರಿನ್ಯಾಗ ದೀಪ ಹತ್ತತೈತಿ. ಈ ಹಸಿರು ವೈರು ಯಾತಕ್ಕ?"

"ಅರ್ಥಿಂಗ್ ರೀ ಸರ. ಕರೆಂಟು ಸೋರಿದ್ರ ಭೂಮಿಗೆ ಹೋಗಲಿ ಅಂತ."

"ಮೂರು ವರ್ಷದಾಗ ಒಮ್ಮೆರ ಸೋರೇತೇನು?"

"ಇಲ್ರಿ."

"ಮತ್ತ ಇದು ಕೆಲಸಾನ ಮಾಡಿಲ್ಲ! ತಗಸ್ರಿ."

ಮೂರು ವರ್ಷ ಏನೂ ಕೆಲಸ ಮಾಡದ್ದನ್ನು ತೆಗೆಯುವುದಾದರೆ ಮೊದಲು ಯಾರನ್ನು ತೆಗೆಯಬೇಕೆಂದು ನನಗೆ ಗೊತ್ತಿತ್ತು. ಆದರೆ ಆರ್ಡರು ಕೊಡುವವರು ಅವರೇ. "ಬರೆದು ಕೊಡ್ರಿ" ಎಂದೆ. ಅವರು ಬರೆದು ಕೊಡಲಿಲ್ಲ, ನಾನು ರಜೆ ಹಾಕುವುದನ್ನೇ ಕಾದು ತೆಗೆಸಿದರು.

೨. ಲುಂಗಿಯ ತಪಾಸಣೆ

ಬೋಟ್ ನಡೆಸುವವನು ಯಾದಗಿರಿ ಕಡೆಯವನು, ಹನ್ನೆರಡು ವರ್ಷದಿಂದ ಟೆಂಪರರಿ. ದಿನಾ ಆತ ತನ್ನ ಒದ್ದೆ ಲುಂಗಿಯನ್ನು ನನ್ನ ಕೇಬಲ್ ಮೇಲೇ ಹರವುತ್ತಿದ್ದ.

"ಹಗ್ಗ ಐತಲ್ಲೋ ಮಾರಾಯಾ, ಅಲ್ಲಿ ಒಣಗಿಸು!"

"ಹಗ್ಗದ ಮ್ಯಾಲೆ ಸಂಜಿ ಆಗತೈತ್ರಿ ಸಾಬ್. ಇದು ಬೆಚ್ಚಗ ಇರತೈತಿ, ಲಗೂನ ಒಣಗತೈತಿ."

ಕೇಬಲ್ ಬೆಚ್ಚಗೆ? ಓಡಿಹೋಗಿ ಬೋಟಿನೊಳಗೆ ನೋಡಿದರೆ, ಕ್ಯಾಂಟೀನಿನವ ಎರಡು ಕರೆಂಟು ಒಲೆ ಹಚ್ಚಿ ಇಡ್ಲಿ ಬೇಯಿಸುತ್ತಿದ್ದಾನೆ. ಲೋಡು ಎಲ್ಲಿ ಹೆಚ್ಚಾಗಿದೆ ಎಂದು ನಾನು ಮೀಟರು ಹಿಡಿದು ವಾರಗಟ್ಟಲೆ ತಿರುಗಿದ್ದೆ. ಲುಂಗಿ ಮೊದಲ ದಿನವೇ ಕಂಡುಹಿಡಿದಿತ್ತು.

೩. ಬಿದ್ದ ಹೊತ್ತು

ಆಗಬಾರದ್ದು ಆಗಿಯೇ ಬಿಟ್ಟಿತು. ಬೋಟಿನಲ್ಲಿ ಕರೆಂಟು ಸೋರಿತು, ಭೂಮಿಗೆ ಒಯ್ಯಲು ಹಸಿರು ವೈರು ಇರಲಿಲ್ಲ. ಒದ್ದೆ ಕೈಯಿಂದ ಬೋಟಿನ ಕಬ್ಬಿಣದ ಕಂಬಿ ಹಿಡಿದ ನಮ್ಮ ಟೆಂಪರರಿ ಹೊಡೆತ ತಿಂದು ನೀರಿಗೆ ಬಿದ್ದ. ಮೇನ್ ಆಫ್ ಮಾಡಿ ಆತನನ್ನು ಮೇಲಕ್ಕೆಳೆದೆ. ಪರಿಹಾರ ಕೊಡಬೇಕಾದೀತೆಂಬ ಚಿಂತೆಯಲ್ಲಿ ಸಾಹೇಬರು ಬಂದವರೇ ಕೇಳಿದ್ದು ಒಂದೇ ಪ್ರಶ್ನೆ: "ಡ್ಯೂಟಿ ಟೈಮಿನ್ಯಾಗ ಬಿದ್ದಾನೋ, ಊಟದ ಟೈಮಿನ್ಯಾಗೋ?"

ಆತ ಕುಡಿದ ನೀರು ಉಗುಳಿ ಹೇಳಿದ: "ಬೀಳೋ ಮುಂದ ಡ್ಯೂಟಿ ಇತ್ರಿ. ಮುಣುಗೋ ಮುಂದ ಊಟದ ಟೈಮ್ ಆತು."

೪. ಪೆಹಲೇ ಆಪ್

ಮರುದಿನವೇ ಹಸಿರು ವೈರು ಹಾಕಿದೆ. ಜೊತೆಗೆ ಒಂದು ಟ್ರಿಪ್ ಸ್ವಿಚ್ಚೂ ಕೂರಿಸಿದೆ. ಕರೆಂಟು ಸೋರಿದರೆ ಅದು ತಾನೇ ಆಫ್ ಆಗುತ್ತದೆ. ಇದನ್ನು ಮಾತ್ರ ಯಾರಿಗೂ ಮುಟ್ಟಗೊಡಬಾರದು ಎಂದು ನಿಶ್ಚಯಿಸಿದೆ.

ಹೊಸ ಬೋಟಿನ ಉದ್ಘಾಟನೆ ಬಂತು. ಸುಲ್ತಾನ್ ಬಜಾರಿನಿಂದ ತಂದ ಬಲ್ಬಿನ ಸರವನ್ನು ಬೋಟಿಗೆ ಸುತ್ತಿದ್ದರು, ಅದರ ತುದಿ ನೀರಿನಲ್ಲಿ. ಸ್ವಿಚ್ಚು ಟಪ್ ಎಂದಿತು. ಮತ್ತೆ ಹಾಕಿದೆ, ಮತ್ತೆ ಟಪ್.

ಸಾಹೇಬರು ಉರ್ದುವಿಗೆ ಇಳಿದರು. "ಕ್ಯಾ ತಮಾಶಾ ಹೈ! ಆ ಸ್ವಿಚ್ ಕಿತ್ತು ಒಗೀರಿ, ನೇರ ಕರೆಂಟ್ ಕೊಡ್ರಿ!"

"ಕಂಬಿ ಹಿಡಿದವರಿಗೆ ಹೊಡೀತೈತ್ರಿ ಸರ."

"ಏನೂ ಆಗಂಗಿಲ್ಲ!"

ನಾನು ಡಬ್ಬಿಯ ಹಿಂದೆ ಹೋಗಿ, ಸ್ವಿಚ್ಚು ಮುಟ್ಟದೆ, ಬಲ್ಬಿನ ಸರವನ್ನಷ್ಟೇ ಬಿಡಿಸಿದೆ. ಬೋಟಿನ ದೀಪಗಳು ಆರದೆ ಉರಿದವು. "ನೀವು ಹೇಳಿದಂಗ ಆತ್ರಿ ಸರ. ಹತ್ರಿ ಇನ್ನ" ಎಂದೆ.

ಪ್ರತಿ ಉದ್ಘಾಟನೆಯಲ್ಲೂ ಮೊದಲು ಹತ್ತಲು ಮೊಣಕೈಯಿಂದ ತಿವಿದಾಡುವ ಅಧಿಕಾರಿಗಳಿಗೆ ಅಂದು ಎಲ್ಲಿಲ್ಲದ ಹೈದರಾಬಾದಿ ಮರ್ಯಾದೆ ಬಂದುಬಿಟ್ಟಿತು. ಸಾಹೇಬರು ಇಂಜಿನಿಯರರಿಗೆ ಕೈ ತೋರಿಸಿದರು, "ಪೆಹಲೇ ಆಪ್," ಅಂದರೆ ಮೊದಲು ನೀವು. ಇಂಜಿನಿಯರು ಸೂಪರಿಂಟೆಂಡೆಂಟರಿಗೆ, "ಪೆಹಲೇ ಆಪ್." ಅವರು ಗುಮಾಸ್ತನಿಗೆ. ಮರ್ಯಾದೆ ಮೆಟ್ಟಿಲಿಳಿದು ಕೊನೆಗೆ ನಮ್ಮ ಟೆಂಪರರಿಯ ಹತ್ತಿರ ಬಂದು ನಿಂತಿತು.

ಆತ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ: "ನಾ ಟೆಂಪರರಿ ರೀ. ನಾ ಸತ್ರ ನಮ್ಮ ಮನ್ಯಾಗ ಯಾರಿಗೂ ನೌಕರಿ ಸಿಗಂಗಿಲ್ಲ. ನೀವೆಲ್ಲಾ ಪರ್ಮನೆಂಟ್ ಮಂದಿ, ನಿಮ್ಮ ಮನ್ಯಾಗ ಒಬ್ಬೊಬ್ಬರಿಗೆ ಸಿಗತೈತಿ. ನೀವ ಮೊದ್ಲ ಹತ್ರಿ."

ಸಾಹೇಬರು ನನ್ನ ಕಿವಿಯ ಹತ್ತಿರ ಬಂದು ಮೆತ್ತಗೆ ಹೇಳಿದರು: "ಆ ಸ್ವಿಚ್ ಮತ್ತ ಹಚ್ಚಿಬಿಡ್ರಿ."

ಡಬ್ಬಿಯ ಹಿಂದೆ ಹೋಗಿ ಎರಡು ನಿಮಿಷ ಸುಮ್ಮನೆ ನಿಂತು ಬಂದೆ. "ಹಚ್ಚೇನ್ರಿ ಸರ."

ಎಲ್ಲರನ್ನೂ ಮೊಣಕೈಯಿಂದ ಸರಿಸಿ ಮೊದಲು ಬೋಟು ಹತ್ತಿದವರು ಸಾಹೇಬರೇ.