ಸಮಾಧಾನಮ್ಮನ ಟೋಕನ್

ಪತ್ತೇದಾರ ಬೆರಳೆತ್ತಿ ನಿಂತು ಆವತ್ತಿಗೆ ಒಂಬತ್ತು ದಿನವಾಗಿತ್ತು. "ಡಾಕ್ಟರರ ಹಾಲಿಗೆ ವಿಷ ಬೆರೆಸಿದವರು ಈ ಕೋಣೆಯಲ್ಲೇ ಇದ್ದಾರೆ" ಎಂದು ಆತ ಬೆರಳೆತ್ತಿದ್ದು ಹೋದ ವಾರದ ಗುರುವಾರ. ಅದೇ ಹೊತ್ತಿಗೆ ಒಲೆಯ ಮೇಲೆ ನಿಜವಾದ ಹಾಲು ಉಕ್ಕಿತು. ಆಮೇಲೆ ಕಿರಿಯವಳಿಗೆ ಜ್ವರ ಬಂತು, ಅತ್ತೆಯ ಕನ್ನಡಕ ಕಳೆಯಿತು, ದೊಡ್ಡವನ ಪ್ಯಾಂಟಿನ ಹೊಲಿಗೆ ಬಿಚ್ಚಿತು, ನಡುವಿನವಳಿಗೆ ಶಾಲೆಗೆ ಸೌರವ್ಯೂಹ ಮಾಡಿಕೊಡಬೇಕಾಯಿತು. ಎಂಟು ಗ್ರಹಗಳೂ ತಯಾರಾಗಿ ಸೂರ್ಯನ ಸುತ್ತ ನೇತಾಡಿದವು. ಪತ್ತೇದಾರನ ಬೆರಳು ಮಾತ್ರ ಇಳಿಯಲಿಲ್ಲ.

ಉಳಿದದ್ದು ಹನ್ನೊಂದೇ ಪುಟ.

ಆ ಪುಸ್ತಕ ಓದುತ್ತಿದ್ದಾಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂರಂತಸ್ತಿನ ಆ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಆಕೆ ಸಮಾಧಾನಮ್ಮ. ನಲ್ಲಿ ಕೆಡಲಿ, ಲಿಫ್ಟು ನಡುವೆ ನಿಲ್ಲಲಿ, ಪಕ್ಕದ ಮನೆಯವರು ಹೊಡೆದ ಮೊಳೆ ಇವರ ಗೋಡೆಯಲ್ಲಿ ಮೂತಿ ತೋರಿಸಲಿ, ಆಕೆಯ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಇರಲಿ ಬಿಡಿ."

ಈ ಪುಸ್ತಕದ ವಿಷಯದಲ್ಲಿ ಮಾತ್ರ ಹಾಗೆನ್ನುವಂತಿರಲಿಲ್ಲ. ಸಂಜೆ ಐದರೊಳಗೆ ಅದನ್ನು ಲೈಬ್ರರಿಗೆ ಮರಳಿಸಬೇಕು. ಎರಡು ಸಲ ದಿನ ಮುಂದೂಡಿಸಿಕೊಂಡಾಗಿತ್ತು. ಮೂರನೇ ಸಲ ಕೇಳಿದಾಗ ಲೈಬ್ರರಿಯಾತ ತಲೆಯಾಡಿಸಿ, "ಇನ್ನು ಆಗಲ್ಲಮ್ಮ, ಮುಂದಿನ ಸರದಿಗೆ ಹೆಸರು ಬರೆಸಿದ್ದಾರೆ. ನಿಮ್ಮ ಮೇಲಿನ ಮನೆಯವರೇ" ಎಂದಿದ್ದ.

ಮೇಲಿನ ಮನೆಯಾಕೆ ಒಳ್ಳೆಯವರು, ಕೇಳದೆಯೂ ಸಹಾಯ ಮಾಡುವವರು. ಆದರೆ ಯಾವ ಪುಸ್ತಕವನ್ನೂ ಅವರು ಓದಲು ಶುರು ಮಾಡುವುದು ಕೊನೆಯ ಪುಟದಿಂದ. ಓದಿದ್ದು ಅವರ ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ಹಿಂದಿನ ಸಲ ಅವರು ತಂದ ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂಬುದು ಅರ್ಧ ಗಂಟೆಯಲ್ಲಿ ಮೂರು ಅಂತಸ್ತಿಗೂ ಗೊತ್ತಾಗಿ, ಮಾರನೆಯ ಬೆಳಿಗ್ಗೆ ಹಾಲಿನವನ ಬಾಯಲ್ಲೂ ಇತ್ತು. ಇವತ್ತು ಮುಗಿಸದಿದ್ದರೆ, ಮೂರು ತಿಂಗಳು ಕದ್ದು ಕದ್ದು ಓದಿದ್ದರ ಉತ್ತರ ಮೆಟ್ಟಿಲಿನ ಮೇಲೆ ಕಸದ ಬಕೆಟ್ಟು ಹಿಡಿದು ನಿಂತಾಗ ಕಿವಿಗೆ ಬೀಳುವುದು ಖಂಡಿತ.

ದೇವರು ದೊಡ್ಡವನು, ಅಂದು ಶನಿವಾರ. ವಾರಕ್ಕೆರಡು ಹೊತ್ತು ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಬುಧವಾರ ಸಂಜೆ ಆಕೆ ಹೊಲಿಗೆ ಹೇಳಿಕೊಡಲು ಹೋಗುತ್ತಿದ್ದಳಾದ್ದರಿಂದ ಬೀದಿ ಕೊನೆಯ ಬರ್ಗರ್ ಅಂಗಡಿಯಿಂದ ಗಂಡ ಊಟ ತರಬೇಕು. ಶನಿವಾರ ಮಧ್ಯಾಹ್ನ ಆಕೆ ತರಬೇಕು. ಗಂಡ ಹೋದರೆ ಬರುವುದು ಒಂದೂವರೆ ಗಂಟೆ ಕಳೆದ ಮೇಲೆ. "ಏನು ಕಾಯಿಸ್ತಾರೆ ಕಣೇ! ಸೊಂಟ ಬಿದ್ದುಹೋಯ್ತು" ಎಂದು ನರಳುತ್ತ ಕುರ್ಚಿಗೆ ಒರಗುತ್ತಿದ್ದರು. ಮುಖ ಮಾತ್ರ ಆಗಷ್ಟೇ ತೊಳೆದು ಇಟ್ಟ ತಟ್ಟೆಯ ಹಾಗೆ ಹೊಳೆಯುತ್ತಿರುತ್ತಿತ್ತು.

"ಪಾಪ, ಎಷ್ಟು ಹೊತ್ತು ಕೂರಿಸ್ತಾರೋ ನಿನ್ನ" ಎಂದರು ಅವರು ಇವತ್ತೂ.

"ಕೂರಿಸಲಿ ಬಿಡಿ" ಎಂದು ಸಮಾಧಾನಮ್ಮ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿದಳು.

ಕೌಂಟರಿನಲ್ಲಿ ಆಕೆಯದೇ ವಯಸ್ಸಿನ ಹೆಂಗಸು. ಆರು ಬರ್ಗರ್, ಒಂದಕ್ಕೆ ಈರುಳ್ಳಿ ಬೇಡ, ಒಂದಕ್ಕೆ ಸಾಸ್ ಬೇಡ, ಅತ್ತೆಯದ್ದು ಮೆತ್ತಗಿರಬೇಕು ಎಂದೆಲ್ಲ ಹೇಳಿ ಟೋಕನ್ ತೆಗೆದುಕೊಂಡ ಮೇಲೆ ಸಮಾಧಾನಮ್ಮ ಮುಂದಕ್ಕೆ ಬಾಗಿದಳು.

"ಇನ್ನೊಂದು ಮಾತು. ನನ್ನದನ್ನ ಎಲ್ಲರದ್ದೂ ಆದ ಮೇಲೆ ಕೊಡ್ತೀರಾ?"

"ಯಾಕಕ್ಕಾ?"

ಸಮಾಧಾನಮ್ಮ ಟವೆಲು ಸರಿಸಿ ಪುಸ್ತಕದ ಮೂಲೆ ತೋರಿಸಿದಳು. "ಹನ್ನೊಂದು ಪುಟ."

ಕೌಂಟರಿನಾಕೆ ನಕ್ಕಳು. "ಅರ್ಥ ಆಯ್ತು ಬಿಡಿ. ನಮ್ಮನೇಲೂ ಎರಡಿವೆ. ಸ್ನಾನಕ್ಕೆ ಹೋದ್ರೂ ಬಾಗಿಲ ಕೆಳಗಿಂದ ಬೆರಳು ತೂರಿಸಿ ಅಮ್ಮಾ ಅಂತವೆ. ಇಲ್ಲಿಗೆ ಇನ್ನೊಬ್ಬರು ಬರ್ತಾರೆ, ಗಂಡಸರು. ಅವರೂ ನಂದು ಕೊನೇಲಿ ಕೊಡಿ ಅಂತಾರೆ. ಆ ಕಂಬದ ಹಿಂದೆ ಕೂತು, ಬ್ಯಾಗಿಂದ ಗಾಳಿ ದಿಂಬು ತೆಗೆದು ಊದಿ, ಕತ್ತಿಗೆ ಇಟ್ಕೊಂಡು ಗೊರಕೆ ಹೊಡೀತಾರೆ. ನಾನೇ ಹೋಗಿ ಎಬ್ಬಿಸಬೇಕು."

"ಅಯ್ಯೋ ಪಾಪ, ಮನೇಲಿ ಎಂಥಾ ಕಾಟವೋ" ಎಂದು ಸಮಾಧಾನಮ್ಮ ಮನಸಾರೆ ಮರುಗಿದಳು.

ಆಮೇಲೆ ಅದೇ ಕಂಬದ ಹಿಂದೆ ಹೋಗಿ ಕುಳಿತಳು. ಟೋಕನ್ ನಲವತ್ತೊಂದು. ಮೊದಲ ಐದು ನಿಮಿಷ ಪುಸ್ತಕ ತೆರೆಯಲೇ ಇಲ್ಲ. ಯಾರೂ ತನ್ನನ್ನು ಕರೆಯದೆ ಇರುವ ಸದ್ದನ್ನೇ ಕೇಳುತ್ತ ಕುಳಿತಳು. ಅಷ್ಟರಲ್ಲಿ ಎಲ್ಲೋ ಒಂದು ಮಗು "ಅಮ್ಮಾ" ಎಂದಿತು. ಎದ್ದು ಹೋಗಿ ಅದರ ಬೂಟಿನ ದಾರ ಕಟ್ಟಿ ಮುಗಿಸಿದ ಮೇಲೆಯೇ ಅದು ತನ್ನ ಮಗುವಲ್ಲವೆಂದು ಹೊಳೆದದ್ದು. ಅದರ ನಿಜವಾದ ಅಮ್ಮ ಥ್ಯಾಂಕ್ಸ್ ಹೇಳಿದಳು. ಸಮಾಧಾನಮ್ಮ ವಾಪಸು ಬಂದು ಪುಸ್ತಕ ಬಿಡಿಸಿದಳು. ಡಾಕ್ಟರರ ಅಡುಗೆಯವ ಬಿಳಿಚಿಕೊಂಡ. ಸೋದರಳಿಯ ಬೆವರು ಒರೆಸಿಕೊಂಡ. ಎರಡು ಪುಟ ಹೇಗೆ ಸರಿದವೋ ತಿಳಿಯಲಿಲ್ಲ.

"ರೀ ಸಮಾಧಾನಮ್ಮಾ! ನೀವಿಲ್ಲಿ?"

ಮೇಲಿನ ಮನೆಯಾಕೆ. "ಓ, ಅದೇ ಪುಸ್ತಕ! ಐದು ಗಂಟೆಗೆ ಅದು ನಂದು, ನೆನಪಿದೆ ತಾನೆ? ಇರಲಿ, ಎಷ್ಟನೇ ಟೋಕನ್ನು?"

"ನಲವತ್ತೊಂದು" ಎಂದುಬಿಟ್ಟಳು ಸಮಾಧಾನಮ್ಮ, ಒಂದು ಕಣ್ಣು ಪುಟದ ಮೇಲೆ ಇಟ್ಟುಕೊಂಡೇ.

ಮೇಲಿನ ಮನೆಯಾಕೆ ಗೋಡೆಯ ಕಡೆ ನೋಡಿದರು. ಅಲ್ಲಿ ಕೆಂಪಗೆ ಐವತ್ತೆಂಟು ಎಂದು ಮಿನುಗುತ್ತಿತ್ತು. "ಐವತ್ತೆಂಟು ನಡೀತಿದೆಯಲ್ರೀ! ನೀವು ಕೇಳಲಿಲ್ವಾ?"

"ಇರಲಿ ಬಿಡಿ, ನಿಧಾನಕ್ಕೆ ಕೊಡ್ತಾರೆ."

"ನಿಧಾನವಾ?" ಎಂದಿತು ಪಕ್ಕದ ಮೇಜಿನಿಂದ ಒಂದು ಗಂಭೀರ ಸ್ವರ. ನಿವೃತ್ತ ಹೆಡ್ಮಾಸ್ಟರರೊಬ್ಬರು ಟಿಶ್ಯೂ ಕಾಗದದ ಮೇಲೆ ಅದೇನೋ ಗುರುತು ಹಾಕಿಕೊಂಡು ಕುಳಿತಿದ್ದರು. "ನಾನು ನೋಡ್ತಾನೇ ಇದ್ದೀನಿ. ಈ ತಾಯಿ ಬಂದದ್ದು ಹನ್ನೆರಡು ಇಪ್ಪತ್ತಕ್ಕೆ. ನಾನು ಬಂದದ್ದು ಹನ್ನೆರಡು ಇಪ್ಪತ್ತಾರಕ್ಕೆ. ನನ್ನ ಬರ್ಗರ್ ಬಂತು, ತಿಂದೆ, ಜೀರ್ಣವೂ ಆಗ್ತಾ ಇದೆ. ಇವರಿಗೆ ಇನ್ನೂ ಬಂದಿಲ್ಲ."

"ಪರವಾಗಿಲ್ಲ ಸಾರ್, ನನಗೇನೂ ಅವಸರ ಇಲ್ಲ."

"ನಿಮ್ಮಂಥೋರು ಪರವಾಗಿಲ್ಲ ಅಂದಿದ್ದಕ್ಕೇನೇ ಇವರೆಲ್ಲ ಹೀಗಾಗಿರೋದು" ಎಂದು ಅವರು ಇಡೀ ತರಗತಿಗೆ ಕೇಳುವಂತೆ ಹೇಳಿದರು.

'ನರ್ಸ್ ಕಿಟಕಿಯ ಕಡೆ ನೋಡಿದಳು' ಎಂಬ ಸಾಲನ್ನು ಸಮಾಧಾನಮ್ಮ ನಾಲ್ಕನೇ ಸಲ ಓದಿದಳು. ಆ ನರ್ಸಿನ ಕತ್ತು ಇಷ್ಟು ಹೊತ್ತಿಗೆ ಉಳುಕಿರಬೇಕು.

ಸುದ್ದಿ ಮೇಜಿನಿಂದ ಮೇಜಿಗೆ ದಾಟಿತು. ಟ್ಯಾಕ್ಸಿ ಚಾಲಕನೊಬ್ಬ ತನ್ನ ಬಿಸಿ ಪೊಟ್ಟಣವನ್ನೇ ತಂದು ಆಕೆಯ ಮುಂದಿಟ್ಟ. "ನೀವು ತಗೊಂಡು ಹೋಗಿ ಅಮ್ಮ. ನಾನು ಇನ್ನೊಂದು ಸಲ ಕಾಯ್ತೀನಿ."

"ಬೇಡಪ್ಪಾ, ಬೇಡ!" ಸಮಾಧಾನಮ್ಮ ಹಾವು ಕಂಡಂತೆ ಹಿಂದೆ ಸರಿದಳು.

"ನೋಡಿದ್ರಾ?" ಚಾಲಕ ಎಲ್ಲರ ಕಡೆ ತಿರುಗಿದ. "ಹಸಿದು ಕೂತಿದ್ರೂ ಇನ್ನೊಬ್ಬರದ್ದು ಮುಟ್ಟಲ್ಲ. ನಮ್ಮಮ್ಮನೂ ಹೀಗೇ."

ಇನ್ನು ತಡೆಯುವವರಿರಲಿಲ್ಲ. ಹೆಡ್ಮಾಸ್ಟರರು ಟಿಶ್ಯೂ ಹಿಡಿದು ಮುಂದೆ, ಮೇಲಿನ ಮನೆಯಾಕೆ ಪಕ್ಕದಲ್ಲಿ, ಹಿಂದೆ ಇಪ್ಪತ್ತು ಜನ, ದಿಬ್ಬಣದ ಹಾಗೆ ಕೌಂಟರಿನ ಕಡೆ ಹೊರಟರು. "ನಲವತ್ತೊಂದು ಎಲ್ಲಿ? ನಲವತ್ತೊಂದು ಕೊಡಿ!"

ಎಲ್ಲರೂ ಆಕೆಯ ಪರವಾಗಿ ಅತ್ತ ಹೋದದ್ದರಿಂದ ಆಕೆಯ ಸುತ್ತ ಯಾರೂ ಉಳಿಯಲಿಲ್ಲ. ಸಮಾಧಾನಮ್ಮ ಗಬಗಬನೆ ಓದಿದಳು. ಐದು ಪುಟ! ನರ್ಸಿನ ಜೇಬಿನಲ್ಲಿ ಸೀಸೆ ಸಿಕ್ಕಿತು. ಅದು ಬರೀ ಕೆಮ್ಮಿನ ಔಷಧವೆಂದು ತಿಳಿಯಿತು. ಪತ್ತೇದಾರನ ಬೆರಳು ಮೆಲ್ಲಗೆ ತಿರುಗತೊಡಗಿತು. ಉಳಿದದ್ದು ನಾಲ್ಕು ಪುಟ.

"ಮುಕ್ಕಾಲು ಗಂಟೆ ಕೂರಿಸಿದ್ದೀಯಾ ಅವರನ್ನ?" ಒಳಗಿನಿಂದ ಬಂದ ಮಾಲೀಕರ ಕೂಗು ಕೇಳಿಸಿತು. "ನಾಳೆಯಿಂದ ಕೌಂಟರಿಗೆ ಬರೋದು ಬೇಡ ನೀನು!"

ಸಮಾಧಾನಮ್ಮ ತಲೆಯೆತ್ತಿದಳು. ಜನರ ಭುಜಗಳ ನಡುವೆ ಕೌಂಟರಿನಾಕೆಯ ಮುಖ ಕಂಡಿತು. ಆಕೆ ಇತ್ತಲೇ ನೋಡುತ್ತಿದ್ದಳು. ಸಮಾಧಾನಮ್ಮ ಕೇಳಿಕೊಂಡದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಪತ್ತೇದಾರನ ಬೆರಳು ಇನ್ನೇನು ಒಬ್ಬರ ಮುಂದೆ ನಿಲ್ಲುವುದರಲ್ಲಿತ್ತು. ಸಮಾಧಾನಮ್ಮ ಪುಸ್ತಕ ಮುಚ್ಚಿ ಎದ್ದು ಹೋದಳು.

"ಇವರದೇನೂ ತಪ್ಪಿಲ್ಲ" ಎಂದಳು. "ನಂದು ಕೊನೆಗೆ ಕೊಡಿ ಅಂತ ನಾನೇ ಹೇಳಿದ್ದು. ಮನೇಲಿ ಓದೋಕಾಗಲ್ಲ. ಇಲ್ಲಿ ಕೂತು ಓದೋಣ ಅಂತ."

ಹೆಡ್ಮಾಸ್ಟರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಕೇಳಿದಿರಾ?" ಎಂದರು. "ಇನ್ನೊಬ್ಬಳ ಕೆಲಸ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಿದ್ದಾರೆ!"

"ಇಲ್ಲ ಸಾರ್, ನಿಜವಾಗ್ಲೂ ನಾನೇ..."

"ನೋಡಿ, ನೋಡಿ, ಮತ್ತೂ ಹಾಕ್ಕೊಳ್ತಿದ್ದಾರೆ!"

"ನಮ್ಮ ಸಮಾಧಾನಮ್ಮ ಅಂದ್ರೆ ಸುಮ್ನೆನಾ?" ಎಂದು ಮೇಲಿನ ಮನೆಯಾಕೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಟ್ಯಾಕ್ಸಿ ಚಾಲಕ ಹೊರಗೆ ಹೋಗಿ ತನ್ನಮ್ಮನಿಗೆ ಫೋನ್ ಮಾಡಿದ.

ಮಾಲೀಕರು ಕೈಮುಗಿದರು. "ನಿಮ್ಮ ಮುಖ ನೋಡಿ ಇವಳನ್ನ ಇಟ್ಕೊಂಡಿದ್ದೀನಿ ತಾಯಿ. ಆದರೆ ಒಂದು ಮಾತು. ಇನ್ನು ಮೇಲೆ ನೀವು ಕಾಯೋದೇ ಬೇಡ." ಮೇಜಿನೊಳಗಿಂದ ಒಂದು ಹಳದಿ ಕಾರ್ಡು ತೆಗೆದು ಸಹಿ ಹಾಕಿದರು. "ಒಂದು ಫೋನ್ ಮಾಡಿ ಸಾಕು, ಹತ್ತೇ ನಿಮಿಷದಲ್ಲಿ ಮನೆ ಬಾಗಿಲಿಗೆ ಬರುತ್ತೆ. ಅಂಗಡಿಗೇ ಬಂದ್ರೂ ಸಾಲಿಲ್ಲ, ಟೋಕನ್ನಿಲ್ಲ."

"ಅಯ್ಯೋ, ಅದೆಲ್ಲ ಬೇಡ" ಎಂದಳು ಸಮಾಧಾನಮ್ಮ. ಈ ಸಲ ಆಕೆಯ ದನಿಯಲ್ಲಿ ಅಳುವೇ ಇತ್ತು. ಅದಕ್ಕೆ ಚಪ್ಪಾಳೆ ಬಿತ್ತು.

"ಇವರೊಬ್ಬರಿಗೇ ಅಲ್ಲ, ಮನೆಯವರಿಗೆಲ್ಲ ಅನ್ವಯಿಸಬೇಕು" ಎಂದು ಮೇಲಿನ ಮನೆಯಾಕೆ ಪಟ್ಟು ಹಿಡಿದರು. ಅವರ ಫೋನಿನಲ್ಲಿ ಸಮಾಧಾನಮ್ಮನ ಇಡೀ ಸಂಸಾರ ಮಹಡಿಯ ಮೇಲೆ ಸಾಲಾಗಿ ನಿಂತ ಫೋಟೋ ಇತ್ತು. ಎರಡು ನಿಮಿಷದಲ್ಲಿ ಅದು ಆಫೀಸಿನ ಪ್ರಿಂಟರಿನಿಂದ ಹೊರಬಿತ್ತು. ಕೆಳಗೆ ಮಾಲೀಕರು ದಪ್ಪ ಅಕ್ಷರದಲ್ಲಿ ಬರೆದರು: 'ಈ ಆರು ಜನರಲ್ಲಿ ಯಾರನ್ನೂ ಒಂದು ನಿಮಿಷವೂ ಕಾಯಿಸಬಾರದು.'

ಅದನ್ನು ಗೋಡೆಗೆ ಅಂಟಿಸುವ ಕೆಲಸ ಕೌಂಟರಿನಾಕೆಗೆ ಬಂತು. ಟೇಪು ಹರಿದು ಬೆರಳಿಗೆ ಅಂಟಿಸಿಕೊಂಡವಳು ಫೋಟೋ ನೋಡಿ ಹಾಗೇ ನಿಂತಳು.

"ಅಕ್ಕಾ, ಈ ಮೀಸೆಯವರು ಯಾರು?"

"ನಮ್ಮೆಜಮಾನ್ರು."

ಕೌಂಟರಿನಾಕೆ ಕಂಬದ ಕಡೆ ನೋಡಿದಳು. ಆಮೇಲೆ ಸಮಾಧಾನಮ್ಮನನ್ನು ನೋಡಿದಳು.

"ದಿಂಬು" ಎಂದಳು. ಅಷ್ಟೇ.

ಸಮಾಧಾನಮ್ಮನಿಗೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಎಷ್ಟು ಬುಧವಾರ ಆ ಸೊಂಟಕ್ಕೆ ಮುಲಾಮು ತಿಕ್ಕಿದ್ದಳು! ಯಾರೋ ಆಕೆಯ ಕೈಯಲ್ಲಿದ್ದದ್ದನ್ನು ಬಿಡಿಸಿಕೊಂಡರು, ಇನ್ಯಾರೋ ಬಿಸಿ ಪೊಟ್ಟಣಗಳನ್ನು ಕೈಗಿಟ್ಟರು, ಮತ್ತೊಬ್ಬರು ಬಾಗಿಲು ತೆರೆದು ಹಿಡಿದರು.

ಮನೆ ಸೇರುವ ಮೊದಲೇ ಸುದ್ದಿ ಫೋನಿನಲ್ಲಿ ಅತ್ತೆಯನ್ನು ಸೇರಿತ್ತು. ಅವರು ಕಾರ್ಡನ್ನು ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದರು. ಮಕ್ಕಳು ಕುಣಿದರು. ಗಂಡ ಮಾತ್ರ ಫೇಲಾದ ಹುಡುಗ ಫಲಿತಾಂಶದ ಮುಂದೆ ನಿಂತ ಹಾಗೆ ಫ್ರಿಜ್ಜಿನ ಮುಂದೆ ನಿಂತಿದ್ದರು.

ಊಟದ ನಡುವೆ ಗಂಟಲು ಸರಿಮಾಡಿಕೊಂಡರು. "ಸುಮ್ನೆ ಫೋನ್ ಮಾಡಿ ಅವರಿಗ್ಯಾಕೆ ತೊಂದರೆ? ಬುಧವಾರ ನಾನೇ ಹೋಗಿ ಬರ್ತೀನಿ. ಕಾಯೋದು ನನಗೇನು ಹೊಸದಾ?"

"ಹೋಗಿಬನ್ನಿ" ಎಂದಳು ಸಮಾಧಾನಮ್ಮ. "ದಿಂಬು ಮರೀಬೇಡಿ."

ಬರ್ಗರ್ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅದನ್ನು ತಟ್ಟೆಗಿಟ್ಟು ಅವರು ಮೆಲ್ಲಗೆ ಕೇಳಿದರು. "ನೀನು?"

"ಹನ್ನೊಂದು ಪುಟ."

"ಮುಗೀತಾ?"

"ನಾಲ್ಕು ಉಳಿದಿದೆ."

ಅವರು ಕೈ ತೊಳೆದು ಬಂದರು. "ಏಳು. ಒಳಗೆ ಹೋಗಿ ಬಾಗಿಲು ಹಾಕ್ಕೋ. ಮಕ್ಕಳು, ಅಮ್ಮ, ಪಾತ್ರೆ, ಎಲ್ಲಾ ನಾನು ನೋಡ್ಕೋತೀನಿ. ಸೂರು ಬಿದ್ರೂ ನಿನ್ನ ಕರೆಯಲ್ಲ."

ಮದುವೆಯಾಗಿ ಹದಿಮೂರು ವರ್ಷದಲ್ಲಿ ಆಕೆ ಕೇಳಿದ ಅತ್ಯಂತ ಸಿಹಿಯಾದ ಮಾತು ಅದು. ಸಮಾಧಾನಮ್ಮ ಕೋಣೆಗೆ ಹೋದಳು, ಚಿಲಕ ಹಾಕಿದಳು, ದಿಂಬಿಗೆ ಒರಗಿ ಕಾಲು ಚಾಚಿದಳು. ಚೀಲಕ್ಕೆ ಕೈ ಹಾಕಿದಳು. ಟವೆಲು ಇತ್ತು. ಸಾಸಿನ ಪೊಟ್ಟಣ ಇತ್ತು. ನಲವತ್ತೊಂದನೇ ಟೋಕನ್ ಇತ್ತು.

ಪುಸ್ತಕ ಇರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. "ಅವಳು ಒಳಗೆ..." ಎಂದು ಗಂಡ ಅಡ್ಡ ಬರುವಷ್ಟರಲ್ಲಿ ಮೇಲಿನ ಮನೆಯಾಕೆ ಕೋಣೆಯ ಬಾಗಿಲು ತಟ್ಟಿಯಾಗಿತ್ತು. ಚಿಲಕ ತೆಗೆಯದೆ ವಿಧಿಯಿರಲಿಲ್ಲ.

"ನಿಮ್ಮ ಕೈ ತುಂಬ ಪೊಟ್ಟಣ ಇತ್ತಲ್ಲ, ಪುಸ್ತಕ ನಾನೇ ಇಸ್ಕೊಂಡೆ. ಲೈಬ್ರರಿಗೆ ಹೋಗಿ ನನ್ನ ಹೆಸರಿಗೆ ಬರೆಸ್ಕೊಂಡೂ ಬಂದಾಯ್ತು. ನಿಮಗೊಂದು ಓಡಾಟ ತಪ್ತು ನೋಡಿ. ಅಬ್ಬಬ್ಬಾ, ಏನು ಕೊನೇ ಪುಟ ಅಂತೀರಿ! ಆ ಡಾಕ್ಟರನ್ನ ಕೊಂದಿದ್ದು..."

ಸಮಾಧಾನಮ್ಮ ಹುಟ್ಟಿದಂದಿನಿಂದ ಮೊದಲ ಬಾರಿಗೆ "ಇರಲಿ ಬಿಡಿ" ಎನ್ನಲಿಲ್ಲ. ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕಣ್ಣು ಮುಚ್ಚಿ ಕುಳಿತುಬಿಟ್ಟಳು.

ಮೇಲಿನ ಮನೆಯಾಕೆ ಮಾತು ನಿಲ್ಲಿಸಿ ಆಕೆಯನ್ನೇ ನೋಡಿದರು. ಅವರ ಮುಖದಲ್ಲಿ ಕನಿಕರ ತುಂಬಿ ಬಂತು. ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು.

"ಕಿವಿ ನೋವಾ? ಪರವಾಗಿಲ್ಲ, ನಿಧಾನವಾಗಿ ಕೈ ತೆಗೀರಿ" ಎಂದರು ಮೆಲುದನಿಯಲ್ಲಿ. "ನನಗೇನೂ ಅವಸರ ಇಲ್ಲ. ಕಾಯೋದು ಹೇಗೆ ಅಂತ ಇವತ್ತು ನಿಮ್ಮನ್ನ ನೋಡೇ ಕಲಿತೆ."